60 ಕಿಲೋವ್ಯಾಟ್, ಎರಡು ಗನ್ನಿನ ಡಿಸಿ ಚಾರ್ಜರ್: ಹೆದ್ದಾರಿ ಹೋಟೆಲಿಗೆ ಹಾಕಿಸುವ ಮುಂಚೆ

ಹೆದ್ದಾರಿ ಬದಿಯ ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಈಗ ಹೆಚ್ಚಾಗಿ ಕಾಣುವ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಇದು. ಆಳೆತ್ತರದ ಪೆಟ್ಟಿಗೆ, ಎರಡೂ ಪಕ್ಕಕ್ಕೆ ಒಂದೊಂದು ಸಿಸಿಎಸ್2 ಗನ್ (ಕಾರಿಗೆ ಚುಚ್ಚುವ, ಕೇಬಲ್ ತುದಿಯ ಪ್ಲಗ್ಗು), ಮುಂದೆ ಸ್ಕ್ರೀನು. ಊಟಕ್ಕೆ ನಿಲ್ಲುವ ಕಾರುಗಳಿಗೆ ಈ ಅಳತೆ ಸರಿಯಾಗಿದೆ, ಹಾಕಿಸಬಹುದು. ಆದರೆ ಮಾರುವವರನ್ನು ಮೊದಲು ಕೇಳಬೇಕಾದ್ದು ಒಂದು ಗನ್ನಿಗೆ ಎಷ್ಟು ಆಂಪಿಯರ್ ಅಂತ.

ನಮ್ಮಲ್ಲಿ ಓಡಾಡುವ ಬಹುಪಾಲು ಕಾರುಗಳ ಬ್ಯಾಟರಿ 300ರಿಂದ 400 ವೋಲ್ಟಿನ ಆಸುಪಾಸಿನದು. 320 ವೋಲ್ಟಿನ ಬ್ಯಾಟರಿಗೆ 200 ಆಂಪಿಯರ್ ಗನ್ ಇದ್ದರೆ ಪೂರಾ 60 ಕಿಲೋವ್ಯಾಟ್ ಸಿಗುತ್ತದೆ. ಅದೇ ಪೆಟ್ಟಿಗೆಗೆ 150 ಆಂಪಿಯರ್ ಗನ್ ಕೊಟ್ಟಿದ್ದರೆ 48ಕ್ಕೆ ನಿಂತುಬಿಡುತ್ತದೆ, ಬೋರ್ಡಿನ ಮೇಲೆ ಮಾತ್ರ 60 ಅಂತಲೇ ಇರುತ್ತದೆ. ಕೊಟೇಶನ್ನಿನಲ್ಲಿ ಈ ಅಂಕಿಯನ್ನು ಬರೆಸಿಕೊಳ್ಳಿ.

ಒಳಗಡೆ ಸಾಮಾನ್ಯವಾಗಿ 30 ಕಿಲೋವ್ಯಾಟಿನ ಎರಡು ಮಾಡ್ಯೂಲ್ (ಎಸಿ ಕರೆಂಟನ್ನು ಡಿಸಿ ಮಾಡುವ ಘಟಕ) ಇರುತ್ತವೆ, ಇಲ್ಲವೇ 15ರ ನಾಲ್ಕು. ಒಂದೇ ಕಾರು ಬಂದರೆ ಎಲ್ಲ ಮಾಡ್ಯೂಲ್ ಅದಕ್ಕೇ ಹೋಗುತ್ತವೆ, ಎರಡಾದರೆ 30–30 ಹಂಚಿಕೆ. ಟಿಯಾಗೊ ಇವಿಯ 24 ಕಿಲೋವ್ಯಾಟ್ ಅವರ್ ಬ್ಯಾಟರಿ 10ರಿಂದ 80 ಪರ್ಸೆಂಟ್ ತುಂಬಲು ಒಂದು ಗಂಟೆಗೆ ತುಸು ಕಮ್ಮಿ ಬೇಕು. ಅಂದರೆ ಸರಾಸರಿ 17–18 ಕಿಲೋವ್ಯಾಟ್ ಅಷ್ಟೆ. 30ರ ಮಾಡ್ಯೂಲಾದರೆ ಉಳಿದದ್ದು ಸುಮ್ಮನೆ ಕೂರುತ್ತದೆ. 15ರ ನಾಲ್ಕಿದ್ದು, ಹಂಚಿಕೆ ಡೈನಾಮಿಕ್ (ಬೇಡಿಕೆ ನೋಡಿ ತಾನಾಗಿಯೇ ಬದಲಾಗುವಂಥದ್ದು) ಆಗಿದ್ದರೆ, ಚಿಕ್ಕ ಕಾರು 15ಕ್ಕಿಂತ ಕೆಳಗಿಳಿದ ಕೂಡಲೇ ಒಂದು ಮಾಡ್ಯೂಲ್ ಪಕ್ಕದ ಗನ್ನಿಗೆ ಸೇರುತ್ತದೆ. ತುಸು ದುಬಾರಿಯಾದರೂ ಇದನ್ನೇ ಆರಿಸಿ. ಇನ್ನು 79 ಕಿಲೋವ್ಯಾಟ್ ಅವರ್‌ನ ಮಹೀಂದ್ರ ಬಿಇ 6 ಒಂದೇ ಬಂದರೂ 20ರಿಂದ 80ಕ್ಕೆ ಸುಮಾರು 50 ನಿಮಿಷ ಹಿಡಿಯುತ್ತದೆ. ಅಂಥ ಕಾರುಗಳೇ ಹೆಚ್ಚು ಬರುವ ಜಾಗಕ್ಕೆ ಈ ಚಾರ್ಜರ್ ಸಾಲದು.

ಕರೆಂಟಿನ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಶೇ. 95 ದಕ್ಷತೆ ಹಿಡಿದರೆ ಒಳಬರುವುದು 63 ಕಿಲೋವ್ಯಾಟ್, 415 ವೋಲ್ಟಿನಲ್ಲಿ ಪ್ರತಿ ಫೇಸಿಗೆ ಸುಮಾರು 90 ಆಂಪಿಯರ್. 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಈ ಒಂದು ಚಾರ್ಜರಿಗೇ ಸಾಲದು, ಅದರ ಮೇಲೆ ಹೋಟೆಲಿನ ಫ್ರಿಜ್ಜು, ಗ್ರೈಂಡರ್, ಎಸಿ ಬೇರೆ. ಕಡಿಮೆ ಎಂದರೆ 100 ಕೆವಿಎ ಬೇಕು. 125 ಆಂಪಿಯರ್ ಎಂಸಿಸಿಬಿ (ದೊಡ್ಡ ಸರ್ಕ್ಯೂಟ್ ಬ್ರೇಕರ್), 70 ಚದರ ಮಿ.ಮೀ. ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಸಾಮಾನ್ಯ. ದೂರ ಹೆಚ್ಚಿದ್ದರೆ ವೋಲ್ಟೇಜ್ ಡ್ರಾಪ್ ನೋಡಿ ಕೇಬಲ್ಲನ್ನು ದಪ್ಪ ಮಾಡಬೇಕು. ತಾಮ್ರದ ಬಸ್‌ಬಾರಿಗೆ (ಕರೆಂಟ್ ಹಂಚುವ ಪಟ್ಟಿ) ಅಲ್ಯೂಮಿನಿಯಂ ಲಗ್ಗನ್ನು (ಕೇಬಲ್ ತುದಿಗೆ ಹಾಕುವ ಲೋಹದ ಕೊಂಡಿ) ನೇರ ಬಿಗಿಯಬೇಡಿ, ಎರಡೂ ಲೋಹ ಸೇರಿಸಿ ಮಾಡಿದ ಬೈಮೆಟಲ್ ಲಗ್ಗೇ ಆಗಬೇಕು. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಜೋಡಣೆ ತುಕ್ಕು ಹಿಡಿದು, ಬಿಸಿಯಾಗಿ, ಕೇಬಲ್ಲಿನ ತುದಿ ಕರಿಕಲಾಗಬಹುದು.

ಅರ್ಥಿಂಗಿಗೆ ಎರಡು ಪ್ರತ್ಯೇಕ ಗುಂಡಿ ತೋಡಿಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರಿಟ್ಟಾಗ 2 ವೋಲ್ಟಿನೊಳಗಿದ್ದರೆ ನೆಮ್ಮದಿ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಇದು ಏರುತ್ತದೆ, ನೀರು ಹಾಕುತ್ತಿರಬೇಕು.

ಮಳೆಗಾಲದ ದೊಡ್ಡ ತಲೆನೋವು ಇನ್ಸುಲೇಶನ್ ಫಾಲ್ಟ್, ಅಂದರೆ ಕರೆಂಟ್ ಅರ್ಥಿಗೆ ಸೋರುವ ದೋಷ. ಚಾರ್ಜ್ ಶುರುವಾಗುವ ಮುಂಚೆ ಯಂತ್ರ ತನ್ನ ಕೇಬಲ್ಲಿಗೆ ನೂರಾರು ವೋಲ್ಟ್ ಕೊಟ್ಟು ಅರ್ಥಿಗೆ ಸೋರಿಕೆ ಇದೆಯೇ ಎಂದು ಪರೀಕ್ಷಿಸುತ್ತದೆ. ಗನ್ನಿನ ಕೆಳಭಾಗದ ಆ ಎರಡು ದಪ್ಪ ಡಿಸಿ ಪಿನ್ನುಗಳ ಗೂಡಿನಲ್ಲಿ ನೀರಿನ ಹನಿ ನಿಂತಿದ್ದರೂ ಪರೀಕ್ಷೆ ಸೋತು, ಸ್ಕ್ರೀನ್ ಕೆಂಪಾಗಬಹುದು. ಕೆಟ್ಟಿದ್ದು ಚಾರ್ಜರ್ ಅಲ್ಲ, ಗನ್ನು ನೇತುಹಾಕಿದ ರೀತಿ. ಗನ್ ಸಿಕ್ಕಿಸುವ ಹೋಲ್ಸ್ಟರಿನ ಬಾಯಿ ನೀರು ನಿಲ್ಲದಂತೆ ಇಳಿಜಾರಾಗಿರಬೇಕು, ಮೇಲೊಂದು ಶೀಟು ಬೇಕೇ ಬೇಕು. ಒದ್ದೆಯಾಗಿದ್ದರೆ ಮೇನ್ ಆಫ್ ಮಾಡಿ ಬ್ಲೋವರಿನಿಂದ ಒಣಗಿಸಿ, ಒಳಗೆ ಏನನ್ನೂ ತುರುಕಬೇಡಿ. ಹಾಗೆಯೇ ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಗನ್ನನ್ನು ಅಂದೇ ನಿಲ್ಲಿಸಿ. ಸವೆದ ಪಿನ್ ಬಿಸಿಯಾಗುತ್ತಿದೆ ಎಂದರ್ಥ, ಅದು ಗಿರಾಕಿಯ ಕಾರಿನ ಸಾಕೆಟ್ಟನ್ನೂ ಹಾಳುಮಾಡುತ್ತದೆ.

ಬೇಸಿಗೆಯಲ್ಲಿ ತೊಂದರೆ ಕೊಡುವುದು ಧೂಳು. ಗಾಳಿಯ ಫಿಲ್ಟರ್ ಕಟ್ಟಿಕೊಂಡರೆ ಮಾಡ್ಯೂಲ್ ಕಾದು ತಾನಾಗಿಯೇ ಶಕ್ತಿ ಇಳಿಸುತ್ತದೆ, ಯಾವ ಎರರ್ ಕೂಡ ತೋರಿಸದೆ 60 ಹೋಗಿ 40 ಆಗಬಹುದು. ರಸ್ತೆ ಕೆಲಸ ನಡೆಯುತ್ತಿರುವ ಕಡೆ 15 ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಒದರಿ.

ಚಾರ್ಜ್ ನಿಲ್ಲಿಸಲು ಕೆಂಪು ಎಮರ್ಜೆನ್ಸಿ ಗುಂಡಿ ಒತ್ತುವವರು ಬಹಳ. ಲೋಡ್ ಇದ್ದಾಗಲೇ ಕಾಂಟ್ಯಾಕ್ಟರ್ (ಕರೆಂಟನ್ನು ಜೋಡಿಸಿ ಕಡಿಯುವ ಒಳಗಿನ ಸ್ವಿಚ್ಚು) ಬಿಚ್ಚಿದರೆ ಒಳಗೆ ಕಿಡಿ ಹಾರಿ ಅದರ ಆಯಸ್ಸು ಕರಗುತ್ತದೆ. ಗುಂಡಿಯ ಪಕ್ಕ ‘ಅಪಾಯವಿದ್ದರೆ ಮಾತ್ರ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಗನ್ ಬರದಿದ್ದರೆ ಎಳೆದಾಡಬಾರದು, ಸಿಸಿಎಸ್2ರಲ್ಲಿ ಬೀಗ ಇರುವುದು ಕಾರಿನ ಕಡೆ. ಮೊದಲು ಕಾರನ್ನು ಅನ್‌ಲಾಕ್ ಮಾಡಿಸಿ.

ತೆರಿಗೆ: ಚಾರ್ಜರ್ ಕೊಳ್ಳುವಾಗ ಜಿಎಸ್‌ಟಿ ಶೇ. 5, ಚಾರ್ಜ್ ಮಾಡಿಕೊಟ್ಟು ಪಡೆಯುವ ಹಣಕ್ಕೆ ಶೇ. 18. ಮೈಸೂರಿನ ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂ ಅರ್ಜಿಯ ಮೇಲೆ 2023ರಲ್ಲಿ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಚಾರ್ಜ್ ಮಾಡಿಕೊಡುವುದನ್ನು ಸೇವೆ ಎಂದೇ ಹೇಳಿದೆ.

ಕೊನೆಯ ಕಂತು ಕೊಡುವ ಮುಂಚೆ ಹೀಗೆ ಮಾಡಿ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ, ಅರ್ಧಕ್ಕಿಂತ ಕಡಿಮೆ ಚಾರ್ಜ್ ಇರುವ, 30 ಕಿಲೋವ್ಯಾಟ್ ಎಳೆಯಬಲ್ಲ ಎರಡು ಕಾರು ತರಿಸಿ, ಎರಡೂ ಗನ್ ಹಾಕಿ ಅರ್ಧ ಗಂಟೆ ಬಿಡಿ. ಪ್ರತಿ ಗನ್ 30ರ ಹತ್ತಿರವೇ ನಿಲ್ಲಬೇಕು. ಅದೇ ಹೊತ್ತಿಗೆ ಎಲೆಕ್ಟ್ರಿಶಿಯನ್ ಕೈಯಲ್ಲಿ ಥರ್ಮಲ್ ಕ್ಯಾಮೆರಾ ಕೊಟ್ಟು ಮೂರೂ ಫೇಸಿನ ಲಗ್ ನೋಡಿಸಿ. ಒಂದು ಮಾತ್ರ ಮಿಕ್ಕವಕ್ಕಿಂತ 15–20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಆ ಜೋಡಣೆ ಸರಿಯಿಲ್ಲ, ಬಿಚ್ಚಿ ಮತ್ತೆ ಕೂರಿಸಿದ ಮೇಲೆಯೇ ಸಹಿ ಹಾಕಿ.