ಲೆಜೆಂಡ್‌ಬಾರ್ನ್ ಕೊಳ್ಳಿ, ಇನ್ನೊಂದನ್ನು ಎರವಲು ತನ್ನಿ

ಪುಣೆಯಲ್ಲಿ ಓದುತ್ತಿರುವ ಅಕ್ಕನ ಮಗಳಿಗೆ ಫ್ಯಾಂಟಸಿ ಹುಚ್ಚು. ಈ ಸಲ ಪಟ್ಟಿಯಲ್ಲಿ ಎರಡು ಹೆಸರು ಉಳಿದಿದ್ದವು. ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’ (2018), ಟ್ರೇಸಿ ಡಿಯಾನ್ ಅವರ ‘ಲೆಜೆಂಡ್‌ಬಾರ್ನ್’ (2020). ಎರಡರಲ್ಲೂ ಅಮ್ಮನನ್ನು ಕಳೆದುಕೊಂಡ ಕಪ್ಪು ಹುಡುಗಿ. ಎರಡರಲ್ಲೂ ಮ್ಯಾಜಿಕ್. ಅವಳಿಗಿಂತ ಮೊದಲು ನಾನೇ ಎರಡನ್ನೂ ಓದಿ ಮುಗಿಸಿದೆ. ನನ್ನ ವೋಟು ಲೆಜೆಂಡ್‌ಬಾರ್ನ್‌ಗೆ, ಅದರಲ್ಲಿ ಎರಡು ಮಾತಿಲ್ಲ.

ಅಡೆಯೆಮಿ ಕಟ್ಟಿದ್ದು ಒರಿಷಾ ಎಂಬ ರಾಜ್ಯ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವತೆಗಳು, ಯೊರುಬಾ ಮಂತ್ರಗಳು, ಸವಾರಿಗೆ ದೈತ್ಯ ಚಿರತೆಗಳು. ಮ್ಯಾಜಿಕ್ ಬಲ್ಲವರನ್ನು ರಾಜ ಕೊಲ್ಲಿಸಿ ಹನ್ನೊಂದು ವರ್ಷ ಆಗಿದೆ. ಅವರ ಮಕ್ಕಳು ಬಿಳಿ ಕೂದಲಿನಿಂದಲೇ ಗುರುತು ಸಿಕ್ಕಿ, ತೆರಿಗೆ ಕಟ್ಟಿ ಕಟ್ಟಿ ಸಾಯುತ್ತಿದ್ದಾರೆ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ನಿರಾಯುಧ ಕಪ್ಪು ಜನ ಬೀಳುತ್ತಿದ್ದ ಸುದ್ದಿ ನೋಡುತ್ತಾ ಇದನ್ನು ಬರೆದೆ ಎಂದು ಲೇಖಕಿಯೇ ಕೊನೆಯಲ್ಲಿ ಹೇಳಿದ್ದಾರೆ. ಓಟ ಜೋರಾಗಿದೆ. ಆದರೆ ಓಟವೇ ಜಾಸ್ತಿ. ನಾಯಕಿ ಝೇಲಿ ಅಮ್ಮನನ್ನು ನೆನೆಯುವಷ್ಟರಲ್ಲಿ ಯಾರೋ ಕತ್ತಿ ಹಿಡಿದು ಬಂದಿರುತ್ತಾರೆ.

ಲೆಜೆಂಡ್‌ಬಾರ್ನ್‌ನಲ್ಲಿ ನಾಯಕಿ ಬ್ರೀಗೆ ಹದಿನಾರು ವರ್ಷ. ಕಾಲೇಜಿನ ಅರ್ಜಿ ವಿಷಯಕ್ಕೆ ಅಮ್ಮನ ಜೊತೆ ಜಗಳ ಆಗುತ್ತದೆ. ಅದೇ ರಾತ್ರಿ ಅಮ್ಮ ಅಪಘಾತದಲ್ಲಿ ಹೋಗಿಬಿಡುತ್ತಾರೆ. ಆಮೇಲೆ ಹುಡುಗಿ ತನ್ನನ್ನೇ ಎರಡು ಭಾಗ ಮಾಡಿಕೊಳ್ಳುತ್ತಾಳೆ, ಆ ರಾತ್ರಿಗೆ ಮುಂಚಿನ ಬ್ರೀ, ಆಮೇಲಿನ ಬ್ರೀ. ಒಳಗಿನದೆಲ್ಲ ಉಕ್ಕಿ ಬರುವಾಗ ಮನಸ್ಸಿನಲ್ಲೇ ಗೋಡೆ ಎತ್ತುತ್ತಾಳೆ. ಕ್ಲಾಸು, ಪಾರ್ಟಿ, ರಾಕ್ಷಸರ ಜೊತೆ ಹೊಡೆದಾಟ ಏನೇ ನಡೆದರೂ ಆ ಗೋಡೆ ಅವಳ ಜೊತೆ ಬರುತ್ತದೆ. ಸತ್ತವರ ಮನೆಯಲ್ಲಿ ‘ಧೈರ್ಯ ತಗೋ’ ಅನ್ನುವವರ ಮುಂದೆ ಕೂತು ಬಂದವರಿಗೆ ಇದು ಸುಳ್ಳು ಅನ್ನಿಸೋದಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಇನ್ನೊಂದು ಸಂಗತಿ. ಕಥೆ ನಡೆಯುವುದು ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿ. 1795ರಲ್ಲಿ ಪಾಠ ಶುರುವಾದ, ಗುಲಾಮರ ದುಡಿಮೆಯಿಂದ ಎದ್ದು ನಿಂತ ಜಾಗ ಅದು. ಅಲ್ಲೊಂದು ಗುಪ್ತ ಕೂಟ. ಬಹುತೇಕ ಬಿಳಿಯರದ್ದು. ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ದುಂಡು ಮೇಜಿನ ವೀರರ ವಂಶಸ್ಥರು ಅವರು, ಗೋಡೆಯ ಮೇಲೆ ವಂಶಾವಳಿ ಬರೆದಿಟ್ಟವರು. ಬ್ರೀ ಹತ್ತಿರ ಅಂಥ ಪಟ್ಟಿ ಇಲ್ಲ. ಗುಲಾಮರನ್ನು ಆಸ್ತಿ ಎಂದು ಲೆಕ್ಕ ಹಾಕಿದವರು ಅವರ ಮನೆತನ ಯಾಕೆ ಬರೆದಿಡುತ್ತಾರೆ? ನಮ್ಮ ಬೆಳಗಾವಿ ಕಡೆ ಹೆಳವರು ಬಾಗಿಲಿಗೆ ಬಂದು ಅಜ್ಜನ ಅಜ್ಜನವರೆಗೆ ಹೆಸರು ಹೇಳಿ ಕಾಳು ಒಯ್ಯುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದರು, ಊರ ಹೊರಗಿನ ಎಷ್ಟೋ ಮನೆಗಳ ಹೆಸರು ಅವರ ಪುಸ್ತಕದಲ್ಲೇ ಇರುತ್ತಿರಲಿಲ್ಲ. ಬ್ರೀಯ ಕಥೆ ನನಗೆ ಆ ಕಡೆಯಿಂದ ಒಳಗೆ ಇಳಿಯಿತು. ಇಷ್ಟರ ಮೇಲೆ ಕಪ್ಪು ಹೆಂಗಸರ ಇನ್ನೊಂದು ವಿದ್ಯೆಯೂ ಇದೆ, ರೂಟ್‌ಕ್ರಾಫ್ಟ್. ಅವರು ಶಕ್ತಿಯನ್ನು ಹಿರಿಯರ ಹತ್ತಿರ ಕೇಳಿ ಪಡೆಯುತ್ತಾರೆ, ಕಿತ್ತುಕೊಳ್ಳೋದಿಲ್ಲ. ಮುಂದಿನದು ಹೇಳಿದರೆ ಗುಟ್ಟು ರಟ್ಟಾಗುತ್ತದೆ.

ಇನ್ನು ತಲೆನೋವು. ಇದೂ ಲೆಜೆಂಡ್‌ಬಾರ್ನ್‌ನದೇ. ಮೊದಲ ಇನ್ನೂರು ಪುಟದಲ್ಲಿ ಆ ಗುಪ್ತ ಕೂಟದ ಪದವಿಗಳ ಮಳೆ. ಸೈಯನ್, ಸ್ಕ್ವೈರ್, ಪೇಜ್, ವ್ಯಾಸಲ್, ರೀಜೆಂಟ್, ಕಿಂಗ್ಸ್‌ಮೇಜ್. ಆರ್ಥರ್ ಕಥೆಯ ಮಾಂತ್ರಿಕ ಮರ್ಲಿನ್ ಅನ್ನೋದು ಇಲ್ಲಿ ಒಬ್ಬನ ಹೆಸರಲ್ಲ, ಒಂದು ಹುದ್ದೆ. ಮೇಲಿಂದ ಹದಿಮೂರು ಮನೆತನ, ಪ್ರತಿ ಮನೆತನಕ್ಕೂ ಬೇರೆ ಶಕ್ತಿ. ನಡುನಡುವೆ ವೆಲ್ಷ್ ಭಾಷೆಯ ಪ್ರತಿಜ್ಞೆ.

ನಾನು ಮೊದಲು ಇದನ್ನು ಆಡಿಯೋದಲ್ಲಿ ಕೇಳಿದ್ದು. ಕೋಥ್ರೂಡಿನಿಂದ ಹಿಂಜೇವಾಡಿಗೆ ಬಸ್ಸು. ಚಾಂದಣಿ ಚೌಕದ ಹಾರ್ನಿನಲ್ಲಿ ಒಂದು ವಾಕ್ಯ ತಪ್ಪಿದರೆ ಸಾಕು, ಯಾರು ಯಾರಿಗೆ ಪ್ರಮಾಣ ಮಾಡಿದರು ಅನ್ನೋದೇ ಹೋಯಿತು. ಹಿಂದಕ್ಕೆ ಎಳೆದು ಕೇಳಿದರೆ ಇನ್ನೊಂದು ಹೊಸ ಪದವಿ. ಓದಿದ ಜೋನೀಸ್ ಅಬಟ್-ಪ್ರ್ಯಾಟ್ ದನಿ ಬಹಳ ಚೆನ್ನಾಗಿದೆ, ತಕರಾರು ದನಿಯದ್ದಲ್ಲ. ಪುಟ ತಿರುಗಿಸಿ ನೋಡಲು ಆಗೋದಿಲ್ಲವಲ್ಲ, ಅದು. ಆಮೇಲೆ ಪುಸ್ತಕ ತಂದೆ. ಹಾಲಿನ ಚೀಟಿಯ ಹಿಂದೆ ಮನೆತನಗಳ ಹೆಸರು ಬರೆದು ಒಳಗಿಟ್ಟುಕೊಂಡೆ. ಅಕ್ಕನ ಮಗಳೂ ಅದೇ ಚೀಟಿ ಇಟ್ಟುಕೊಂಡೇ ಓದಿದಳು. ಆದರೂ ಫೋನ್ ಮಾಡಿ ಕೇಳಿದಳು: “ಮಾಮಾ, ಇವರೆಲ್ಲ ಒಬ್ಬರಿಗೊಬ್ಬರು ಏನಾಗಬೇಕು?” ಅರ್ಧ ದಾಟಿದ ಮೇಲೆ ಚೀಟಿ ಬೇಕಾಗೋದಿಲ್ಲ.

ಅಡೆಯೆಮಿ ಪುಸ್ತಕದಲ್ಲಿ ಈ ಕಾಟ ಇಲ್ಲ. ಝೇಲಿ, ರಾಜನ ಮಗಳು ಅಮಾರಿ, ಮಗ ಇನಾನ್ ಸರದಿಯ ಮೇಲೆ ಕಥೆ ಹೇಳುತ್ತಾರೆ, ಅಧ್ಯಾಯದ ಮೇಲೆ ಹೆಸರಿರುತ್ತದೆ. ಬಸ್ಸಿಗೆ, ಇಯರ್‌ಫೋನಿಗೆ ಹೇಳಿ ಮಾಡಿಸಿದ್ದು.

ಪ್ರೇಮ ಎರಡರಲ್ಲೂ ಇದೆ. ಝೇಲಿ-ಇನಾನ್ ಜೋಡಿ ನನಗೆ ಒಗ್ಗಲಿಲ್ಲ.

ಫುಟ್‌ಪಾತಿನ ಅಗ್ಗದ ಪ್ರತಿ ತರಬೇಡಿ. ಎರಡರದ್ದೂ ಅಕ್ಷರ ಸಣ್ಣದು, ಕಳಪೆ ಮುದ್ರಣದಲ್ಲಿ ಕಣ್ಣು ಹೋಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಮಾತ್ರ ಒರಿಷಾ ಮುಂದು. ಮೂರೇ ಪುಸ್ತಕ, 2024ರಲ್ಲಿ ಕಥೆ ಮುಗಿದಿದೆ. ಲೆಜೆಂಡ್‌ಬಾರ್ನ್ ಸರಣಿಯ ಮೂರನೆಯದು 2025ರಲ್ಲಿ ಬಂದರೂ ಕಥೆ ಮುಗಿದಿಲ್ಲ. ಶುರು ಮಾಡಿದರೆ ಮುಂದೆಯೂ ಖರ್ಚಿದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ನಾನು ಓದಿದ್ದನ್ನು ಮತ್ತೆ ಓದುವವನು, ಅಂಚಿನಲ್ಲಿ ಪೆನ್ಸಿಲ್ ಆಡಿಸುವವನು. ಹಾಗಾಗಿ ಕಪಾಟಿನ ಜಾಗ ಬ್ರೀಗೆ. ಝೇಲಿಯನ್ನು ಗೆಳೆಯರಿಂದಲೋ ಲೈಬ್ರರಿಯಿಂದಲೋ ತಂದು ಓದಿದರೆ ಸಾಕು. ಎರಡನೆಯ ಭಾಗ ‘ಬ್ಲಡ್‌ಮಾರ್ಕ್ಡ್’ ಈಗಾಗಲೇ ಮನೆಗೆ ಬಂದಿದೆ, ಮೂರನೆಯದು ದೀಪಾವಳಿ ಬೋನಸ್ ಬಂದ ಮೇಲೆ.