ಕುಂದಲಹಳ್ಳಿಯ ಕರುಣಾಶ್ರಯ: ನಮ್ಮ ಅತ್ತೆಗೆ ಸಿಕ್ಕ ಆರೈಕೆ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದು, ‘ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದ್ದರೆ, ಆ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕರೆದುಕೊಂಡು ಹೋದ ಮೇಲೆ ಏನು ಮಾಡಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಅದನ್ನು ಹೇಳಿದವರು, ಹೇಳಿದ್ದನ್ನು ತಮ್ಮ ಕೈಯಿಂದಲೇ ಮಾಡಿ ತೋರಿಸಿದವರು ಕರುಣಾಶ್ರಯದವರು.

ಇದು ಬೆಂಗಳೂರಿನಲ್ಲಿ, ಮಾರತಹಳ್ಳಿ ದಾಟಿದ ಮೇಲೆ ವರ್ತೂರು ರಸ್ತೆಯಲ್ಲಿ, ಕುಂದಲಹಳ್ಳಿ ಗೇಟಿನ ಹತ್ತಿರ ಇದೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ, ಇದನ್ನು ನಡೆಸುವ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಆರಂಭಿಸಿದರು. ಹಾಸ್ಪಿಸ್ ಎಂದರೆ ಗುಣವಾಗದ ಕಾಯಿಲೆಯವರನ್ನು ಆರೈಕೆ ಮಾಡುವ ಮನೆ. ರೋಗಿಗಳನ್ನು ಇಲ್ಲಿ ಒಳಗೆ ಸೇರಿಸಿಕೊಳ್ಳತೊಡಗಿದ್ದು 1999ರಲ್ಲಿ. ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗಾಗಿ ಈ ಜಾಗ. ಹಾಸಿಗೆಗೆ, ಔಷಧಿಗೆ, ಊಟಕ್ಕೆ, ಯಾವುದಕ್ಕೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಬಡವರಾದರೂ ಸರಿ, ಉಳ್ಳವರಾದರೂ ಸರಿ.

ನಮ್ಮ ಅತ್ತೆಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವುದು ಅವರಿಗೆ ಚಿಕ್ಕಂದಿನಿಂದ ಇದ್ದ ಅಭ್ಯಾಸ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು, ರೇಡಿಯೇಷನ್ ಆಯಿತು. ಒಂದಷ್ಟು ಕಾಲ ಚೆನ್ನಾಗಿದ್ದರು. ಆಮೇಲೆ ಗಡ್ಡೆ ಮತ್ತೆ ಬಂತು, ಕೆನ್ನೆ ತೂತಾಯಿತು. ನುಂಗಲು ಆಗದೆ ಮೂಗಿನ ಮೂಲಕ ನಳಿಕೆ ಹಾಕಿದರು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಮಾಡಿ, ಸಿರಿಂಜಿನಲ್ಲಿ ನಿಧಾನವಾಗಿ ಬಿಡುತ್ತಿದ್ದೆ.

ನೋವಿಗಿಂತ ಅವರನ್ನು ಹೆಚ್ಚು ಕುಗ್ಗಿಸಿದ್ದು ಗಾಯದ ವಾಸನೆ. ಹನುಮಂತನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದು ಹೋಗದ ಮೂಲೆ ಇರಲಿಲ್ಲ. ಅತ್ತೆ ಬದುಕಿಡೀ ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆದವರು. ಆ ದುಡ್ಡಿನಲ್ಲೇ ಇಬ್ಬರು ಗಂಡುಮಕ್ಕಳನ್ನು ಓದಿಸಿದರು. ಈಗ ಅವರೇ ಊದುಬತ್ತಿ ಹಚ್ಚಿಡು ಎಂದು ಕೈಸನ್ನೆ ಮಾಡುತ್ತಿದ್ದರು. ಎರಡೂ ವಾಸನೆ ಕಲೆತು ಉಸಿರು ಕಟ್ಟುತ್ತಿತ್ತು. ನನ್ನ ಮಗಳು ರಾತ್ರಿ ಪಕ್ಕದ ಮನೆಯಲ್ಲಿ ಮಲಗತೊಡಗಿದಳು. ಅವಳು ಬಾಗಿಲಲ್ಲೇ ನಿಂತು ‘ಅಜ್ಜಿ, ಸ್ಕೂಲಿಗೆ ಹೋಗಿ ಬರುತ್ತೇನೆ’ ಎಂದಾಗ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ನಾನು ಮಂಗಳವಾರ ಮಧ್ಯಾಹ್ನದ ರಾಹುಕಾಲಕ್ಕೆ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದೆ. ಗಾಯ ಮಾಯಲಿ ತಾಯಿ ಎನ್ನುವುದೊಂದೇ ಬೇಡಿಕೆ. ಆ ದಿನಗಳಲ್ಲಿ ನೆಂಟರೊಬ್ಬರು ಬಂದು, ‘ಹಿಂದಿನ ಜನ್ಮದ್ದು, ಅನುಭವಿಸಿಯೇ ತೀರಬೇಕು’ ಎಂದು ಅತ್ತೆಯ ಎದುರಿಗೇ ಹೇಳಿದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆ ಮಾತನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಕಾಯಿಲೆ ಹೊಗೆಸೊಪ್ಪಿನಿಂದ ಬಂದದ್ದು ಎಂದು ವೈದ್ಯರು ಹೇಳಿದ್ದರು. ದೇವರ ಮುಂದೆ ಹಚ್ಚುವ ಬತ್ತಿಯನ್ನೇ ಹೊಸೆದು ಬದುಕಿದ ಹೆಂಗಸಿಗೆ ದೇವರು ಇದನ್ನು ಶಿಕ್ಷೆಯಾಗಿ ಕೊಟ್ಟ ಎಂದು ನಂಬುವುದಾದರೆ, ನಾನು ಯಾವ ಮುಖ ಹೊತ್ತುಕೊಂಡು ಅಲ್ಲಿ ದೀಪ ಹಚ್ಚಲಿ?

ಕರುಣಾಶ್ರಯದಿಂದ ಮನೆಗೇ ಬರುವ ತಂಡ ಇದೆ. ಮೊದಲ ಸಲ ಒಬ್ಬ ಸಿಸ್ಟರ್ ಮತ್ತು ಒಬ್ಬ ಆಪ್ತಸಮಾಲೋಚಕಿ ಬಂದರು. ಸಿಸ್ಟರ್ ಮೂಗಿಗೆ ಬಟ್ಟೆ ಹಿಡಿಯಲಿಲ್ಲ, ಮುಖ ಕಿವಿಚಲಿಲ್ಲ. ನೇರ ಹೋಗಿ ಅತ್ತೆಯ ಮಂಚದ ಮೇಲೆ ಕುಳಿತು, ‘ಅಮ್ಮಾ, ನೋಡಲೇ?’ ಎಂದು ಕೇಳಿ, ಅತ್ತೆ ತಲೆಯಾಡಿಸಿದ ಮೇಲೆಯೇ ಸೆರಗು ಸರಿಸಿದರು. ಉಪ್ಪುನೀರಿನಲ್ಲಿ ಗಾಯ ತೊಳೆದರು. ಆಮೇಲೆ ಮೆಟ್ರೊನಿಡಜೋಲ್ ಮಾತ್ರೆಗಳನ್ನು ನುಣ್ಣಗೆ ಪುಡಿಮಾಡಿ ಗಾಯದ ಮೇಲೆ ಉದುರಿಸಿದರು. ಭೇದಿಗೆ ಕೊಡುತ್ತಾರಲ್ಲ, ಅದೇ ಅಗ್ಗದ ಮಾತ್ರೆ. ಗಾಳಿ ಆಡದ ಕೊಳೆತ ಭಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಿಂದ ಆ ವಾಸನೆ ಬರುತ್ತದೆ, ಈ ಪುಡಿ ಅವನ್ನು ಕೊಲ್ಲುತ್ತದೆ ಎಂದು ವಿವರಿಸಿದರು. ನನ್ನ ಕೈಯಲ್ಲೂ ಒಮ್ಮೆ ಮಾಡಿಸಿ, ಸರಿಯಾಗಿದೆ ಎಂದ ಮೇಲೆ ಎದ್ದರು. ಕೆಲವೇ ದಿನಗಳಲ್ಲಿ ವಾಸನೆ ಬಹುಮಟ್ಟಿಗೆ ಇಳಿಯಿತು. ಗಾಯ ಹಾಗೆಯೇ ಇತ್ತು.

ನೋವಿಗೆ ಅಲ್ಲಿನ ವೈದ್ಯರು ಮಾರ್ಫಿನ್ ಬರೆದರು. ಅಫೀಮಿನಿಂದ ಮಾಡುವ ಬಲವಾದ ನೋವಿನ ಔಷಧಿ ಅದು. ಅಲ್ಲಿಯವರೆಗೆ ಅದನ್ನು ಕೇಳಿಕೊಂಡು ಹೋದ ಔಷಧಿ ಅಂಗಡಿಯಲ್ಲಿ, ಹೆಸರು ಹೇಳಿದ ತಕ್ಷಣ ಕೈಯಾಡಿಸಿ ಕಳುಹಿಸಿದ್ದರು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಯ ತೊಡಕಿಗೆ ಹೆದರಿ ಎಷ್ಟೋ ಕಡೆ ಇದನ್ನು ಇಡುವುದನ್ನೇ ಬಿಟ್ಟರು. 2014ರ ತಿದ್ದುಪಡಿ ನಿಯಮವನ್ನು ಸಡಿಲಿಸಿತು, ಆದರೂ ಹೆದರಿಕೆ ಪೂರ್ತಿ ಹೋಗಿಲ್ಲ. ಹೆದರಿಕೆ ನಮ್ಮ ಯಜಮಾನರಿಗೂ ಇತ್ತು: ‘ಅಮ್ಮನಿಗೆ ಇದರ ಚಟ ಹತ್ತಿದರೆ?’ ಸಮಾಲೋಚಕಿ ಆ ಪ್ರಶ್ನೆಯನ್ನು ತಳ್ಳಿಹಾಕದೆ ಕುಳಿತು ಉತ್ತರ ಹೇಳಿದರು. ನೋವಿಗೆ ಎಷ್ಟು ಬೇಕೋ ಅಷ್ಟನ್ನು ವೈದ್ಯರು ಅಳೆದು ಕೊಡುವಾಗ ಚಟದ ಭಯ ತೀರ ಕಡಿಮೆ ಎಂದರು. ನಾಲ್ಕು ಗಂಟೆಗೊಮ್ಮೆ, ನೋವು ಬರುವುದನ್ನು ಕಾಯದೆ, ಹೊತ್ತು ನೋಡಿ ಕೊಡಬೇಕು. ಮಲಬದ್ಧತೆ ಆಗುವುದರಿಂದ ಅದಕ್ಕೂ ಔಷಧಿ ಜೊತೆಗೇ ಇರಬೇಕು. ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಅಡುಗೆಮನೆಯ ಗೋಡೆಗೆ ಅಂಟಿಸಿದೆವು.

ಅತ್ತೆಗೆ ಮಾತು ನಿಂತುಹೋಗಿತ್ತು. ನಾಲ್ಕನೆಯ ತರಗತಿಯವರೆಗೆ ಓದಿದ್ದರು, ಮಗಳ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಹೆಚ್ಚಾಗಿ ‘ನೀರು’, ‘ಫ್ಯಾನು’, ‘ನೀನು ಉಂಡೆಯಾ’ ಇಂಥವೇ. ಒಂದು ಮಂಗಳವಾರ ನಾನು ನಿಂಬೆಹಣ್ಣು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಸ್ಲೇಟು ಎತ್ತಿ ಹಿಡಿದರು. ‘ನೋವು ಇಲ್ಲ. ಬನಶಂಕರಿಗೆ ಹೇಳು’ ಎಂದಿತ್ತು.

ಅಂದು ದೇವಸ್ಥಾನದಲ್ಲಿ ನಾನು ಏನನ್ನೂ ಬೇಡಲಿಲ್ಲ, ಹೇಳಬೇಕಾದ್ದನ್ನು ಹೇಳಿ ಬಂದೆ. ಮಾತ್ರೆಯ ಪುಡಿಯಿಂದ ವಾಸನೆ ಹೋಯಿತು, ಮಾರ್ಫಿನ್‌ನಿಂದ ನೋವು ಹೋಯಿತು, ಇದರಲ್ಲಿ ದೇವರದ್ದೇನು ಎಂದು ಕೇಳುವವರಿದ್ದಾರೆ. ಯಾರೋ ಕಂಡರಿಯದ ಹುಡುಗಿ ನಗರದ ಆ ತುದಿಯಿಂದ ಬಂದು, ಹೆತ್ತ ಮಗನೇ ನೋಡಲು ಅಳುಕುತ್ತಿದ್ದ ಗಾಯವನ್ನು ಬೇಸರವಿಲ್ಲದೆ ತೊಳೆದಳು. ಕೃಪೆ ಎಂದರೆ ಇದಲ್ಲದೆ ಬೇರೇನೆಂದು ನನಗೆ ತಿಳಿಯದು. ವಾಸನೆ ಇಳಿದ ಮೇಲೆ ಮಗಳು ಅಜ್ಜಿಯ ಮಂಚಕ್ಕೆ ಮರಳಿದಳು. ಹೋಂವರ್ಕ್ ಅಲ್ಲೇ, ನಿದ್ದೆಯೂ ಅಲ್ಲೇ. ಮನೆ ಪಾಲಿನ ಜಗಳದಿಂದ ದೂರವಾಗಿದ್ದ ಮೈದುನ ಒಂದು ಭಾನುವಾರ ಬಂದ. ಅಮ್ಮನ ಕಾಲು ಒತ್ತುತ್ತಾ ಸಂಜೆಯವರೆಗೂ ಕುಳಿತಿದ್ದ. ಪಾಲಿನ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ, ಆದರೆ ಅಣ್ಣ ತಮ್ಮಂದಿರು ಈಗ ಮಾತಾಡುತ್ತಾರೆ.

ಕೊನೆಗೆ ರಕ್ತಸ್ರಾವ ಶುರುವಾದಾಗ ಕುಂದಲಹಳ್ಳಿಗೇ ಸೇರಿಸಿದೆವು. ಕಲ್ಲಿನ ಗೋಡೆ, ನಡುವೆ ನೀರಿನ ಕೊಳ, ಸುತ್ತ ಗಿಡಮರ. ಅಲ್ಲಿನ ಸಿಸ್ಟರ್ ಬೆಳಿಗ್ಗೆ ಅತ್ತೆಯ ತಲೆ ಬಾಚಿ ಜಡೆ ಹಾಕುತ್ತಿದ್ದರು, ಹಣೆಗೆ ಕುಂಕುಮದ ಬದಲು ವಿಭೂತಿ ಇಡುವುದನ್ನು ಹೇಳದೆಯೇ ಗಮನಿಸಿಕೊಂಡಿದ್ದರು. ಪಕ್ಕದ ಹಾಸಿಗೆಯಲ್ಲಿದ್ದ ಮುಸ್ಲಿಂ ತಾಯಿಯ ಮಗಳೂ ನಾನೂ ಒಬ್ಬರ ಅಮ್ಮನನ್ನು ಒಬ್ಬರು ನೋಡಿಕೊಳ್ಳುತ್ತಿದ್ದೆವು. ಅತ್ತೆ ಅಲ್ಲಿಯೇ, ನೋವಿಲ್ಲದೆ, ಇಬ್ಬರು ಮಕ್ಕಳೂ ಹತ್ತಿರ ಇರುವಾಗ ತೀರಿಕೊಂಡರು.

ಹೋಗುವವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಇಲ್ಲಿ ಕಿಮೊ ಇಲ್ಲ, ಆಪರೇಷನ್ ಇಲ್ಲ, ಗುಣಪಡಿಸುತ್ತೇವೆ ಎಂಬ ಮಾತೂ ಇಲ್ಲ. ಆ ಆಸೆ ಇಟ್ಟುಕೊಂಡು ಹೋದರೆ ನಿರಾಸೆಯಾಗುತ್ತದೆ. ಹಾಗೆಂದು ಸಾಯಲಿಕ್ಕೆ ಮಾತ್ರ ಹೋಗುವ ಜಾಗವೂ ಅಲ್ಲ. ನೋವು ಹತೋಟಿಗೆ ಬಂದ ಮೇಲೆ ಮನೆಗೆ ಮರಳುವವರನ್ನು ನಾನೇ ನೋಡಿದ್ದೇನೆ. ದಕ್ಷಿಣ ಬೆಂಗಳೂರಿನವರಿಗೆ ದಾರಿ ದೂರ. ಮೆಜೆಸ್ಟಿಕ್‌ನಿಂದ 335ಇ ಬಸ್ಸು ಸಿಗುತ್ತದೆ, ಮಾರತಹಳ್ಳಿಯ ವಾಹನ ದಟ್ಟಣೆಗೆ ಹೆಚ್ಚಿನ ಸಮಯ ಇಟ್ಟುಕೊಳ್ಳಿ.

ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಾರಾಂಶ, ಇನ್ನು ಚಿಕಿತ್ಸೆ ಇಲ್ಲ ಎಂದು ಕ್ಯಾನ್ಸರ್ ವೈದ್ಯರು ಬರೆದ ಚೀಟಿ, ಇವನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಳ್ಳಿ. ಮೊದಲು ಫೋನ್ ಮಾಡಿ, ಮನೆಗೆ ಬರುವ ತಂಡ ನಿಮ್ಮ ಬಡಾವಣೆಗೂ ಬರುತ್ತದೆಯೇ ಎಂದು ವಿಚಾರಿಸಿ. ಕಾಯಿಲೆಯವರು ಎದ್ದು ಓಡಾಡುತ್ತಾ, ತಮಗೇನು ಬೇಕು ಎಂದು ತಾವೇ ಹೇಳುವ ಸ್ಥಿತಿಯಲ್ಲಿರುವಾಗಲೇ ವಿಚಾರಿಸಿ.