ಆರು ವರ್ಷದ ಡುಕಾಟಿ, ಓಡಿರುವುದು 21,000 ಕಿ.ಮೀ. ಮಾತ್ರ: ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

‘ಒಬ್ಬರೇ ಮಾಲೀಕರು, ಕಡಿಮೆ ಓಡಿದೆ, ಶೋರೂಮ್ ಕಂಡಿಷನ್.’ ಸೆಕೆಂಡ್ ಹ್ಯಾಂಡ್ ಯುರೋಪಿಯನ್ ಬೈಕಿನ ಜಾಹೀರಾತು ಸಾಮಾನ್ಯವಾಗಿ ಹೀಗೇ ಇರುತ್ತದೆ. ಹೊಸದರ ಅರ್ಧ ಬೆಲೆಗೆ ಬರುತ್ತಿದೆ ಅಂದಾಗ ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ಹಾಗೆ ಕೊಂಡು ಮೊದಲ ವರ್ಷವೇ ಕೈ ಸುಟ್ಟುಕೊಂಡವರ ಬಿಲ್ ತೆಗೆದು ನೋಡಿದರೆ, ಬೈಕ್ ಕೆಟ್ಟದ್ದು ಅಂತ ಹೇಳಲು ಬರುವುದಿಲ್ಲ. ಹಳೆಯ ಮಾಲೀಕರು ಮಾಡಿಸಬೇಕಿದ್ದ ಒಂದು ದೊಡ್ಡ ಸರ್ವಿಸ್ ಬಾಕಿ ಇತ್ತು, ಅದು ಗಾಡಿಯ ಜೊತೆಗೇ ಕೈ ಬದಲಾಯಿಸಿತು.

ಆ 21,000 ಅನ್ನುವ ಸಂಖ್ಯೆಯನ್ನೇ ನೋಡಿ. 2010ರ ಡುಕಾಟಿ ಮಲ್ಟಿಸ್ಟ್ರಾಡಾ 1200ರಲ್ಲಿ ಬಂದ ಟೆಸ್ಟಾಸ್ಟ್ರೆಟಾ 11 ಡಿಗ್ರಿ ಎಂಜಿನ್ನಿಗೆ ವಾಲ್ವ್ ತಪಾಸಣೆ (ವಾಲ್ವಿನ ಸಂದು ಅಳೆದು ಸರಿಪಡಿಸುವ ಕೆಲಸ) 24,000 ಕಿ.ಮೀ.ಗೆ ಒಮ್ಮೆ. 2015ರಲ್ಲಿ ಬಂದ, ವಾಲ್ವ್ ತೆರೆಯುವ ಸಮಯವನ್ನು ಬದಲಿಸಬಲ್ಲ ಡಿವಿಟಿ ಎಂಜಿನ್ನಿಗೆ ಅದು 30,000. ಟೈಮಿಂಗ್ ಬೆಲ್ಟಿಗೆ (ಕ್ಯಾಮನ್ನು, ಅಂದರೆ ವಾಲ್ವ್ ತೆರೆಯುವ ಶಾಫ್ಟನ್ನು, ತಿರುಗಿಸುವ ಬೆಲ್ಟ್) ಕಿಲೋಮೀಟರಿನ ಜೊತೆಗೆ ವರ್ಷದ ಗಡುವೂ ಇದೆ: ಐದು ವರ್ಷ, ಯಾವುದು ಮೊದಲು ಬರುತ್ತದೋ ಅದು. ಅಂದರೆ ಈ ಜಾಹೀರಾತಿನ ಬೈಕಿನಲ್ಲಿ ಬೆಲ್ಟಿನ ಗಡುವು ಮುಗಿದು ಒಂದು ವರ್ಷವಾಗಿದೆ, 24,000ದ ಎಂಜಿನ್ ಆಗಿದ್ದರೆ ವಾಲ್ವ್ ಕೆಲಸಕ್ಕೆ ಬಾಕಿ ಇರುವುದು ಮೂರು ಸಾವಿರ ಕಿ.ಮೀ. ಮಾರುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ‘ಇನ್ನೂ 24,000 ಆಗಿಲ್ಲವಲ್ಲ’ ಅನ್ನುವುದು ಅವರ ಉತ್ತರ. ವರ್ಷದ ಮಾತನ್ನು ಅವರಾಗಿ ಎತ್ತುವುದಿಲ್ಲ.

ನಿಂತೇ ಇದ್ದ ಬೈಕಿಗೆ ಬೆಲ್ಟಿನ ಚಿಂತೆ ಯಾಕೆ? ಬೆಲ್ಟ್ ರಬ್ಬರಿನದು. ಸಣ್ಣ ಪುಲ್ಲಿಯ ಸುತ್ತ ತಿಂಗಳುಗಟ್ಟಲೆ ಒಂದೇ ಬಾಗಿನಲ್ಲಿ ನಿಂತರೆ ಅಲ್ಲೇ ಗಡಸಾಗುತ್ತದೆ, ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಹೊಸ ಮಾಲೀಕರು ಒಂದು ದಿನ ಗೇರ್ ಇಳಿಸಿ ಜೋರಾಗಿ ಥ್ರಾಟಲ್ ತಿರುಗಿಸಿದಾಗ ಹಲ್ಲು ಕಿತ್ತು ಬರುತ್ತದೆ. ಆ ಸಿಲಿಂಡರಿನ ಕ್ಯಾಮ್ ನಿಲ್ಲುತ್ತದೆ, ತೆರೆದಿದ್ದ ವಾಲ್ವ್ ತೆರೆದೇ ಉಳಿಯುತ್ತದೆ, ಮೇಲೆ ಬಂದ ಪಿಸ್ಟನ್ ಅದಕ್ಕೆ ಗುದ್ದುತ್ತದೆ. ವಾಲ್ವ್ ಬಾಗಿತು, ಗೈಡ್ ಹೋಯಿತು, ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಗುರುತು ಬಿತ್ತು. ಸಿಲಿಂಡರಿಗೊಂದರಂತೆ ಇರುವುದು ಎರಡು ಬೆಲ್ಟ್; ಅವನ್ನು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಸಿಲಿಂಡರ್ ಹೆಡ್ಡೇ ಬಿಚ್ಚಬೇಕು.

ಬೆಲ್ಟ್ ಕವರ್ ಕೆಲವು ಅಲೆನ್ ಬೋಲ್ಟುಗಳ ಮೇಲೆ ನಿಂತಿರುತ್ತದೆ. ಕೊಳ್ಳುವ ಮೊದಲು ತೆಗೆಸಿ ನೋಡಿ. ಹಲ್ಲುಗಳ ಬುಡದ ಬಿರುಕು, ಬೆನ್ನಿನ ಮೇಲೆ ಗಾಜಿನಂಥ ಹೊಳಪು, ಅಂಚಿನಲ್ಲಿ ಎದ್ದ ನೂಲು, ಕ್ಯಾಮ್ ಸೀಲಿನಿಂದ ಜಿನುಗಿದ ಎಣ್ಣೆ, ಇವುಗಳಲ್ಲಿ ಒಂದಿದ್ದರೂ ಬೆಲ್ಟ್ ಮುಗಿಯಿತು. ಬದಲಿಸುವಾಗ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ. ಮರಳು ಸಿಕ್ಕಂತೆ ಕರಕರ ಅಂದರೆ ಅದನ್ನೂ ಬದಲಿಸಬೇಕು. ಬಿಗಿತವನ್ನು ಹೆಬ್ಬೆರಳಲ್ಲಿ ಒತ್ತಿ ‘ಸರಿಯಿದೆ’ ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಬೆಲ್ಟನ್ನು ಮೀಟಿ, ಅದರ ನಾದವನ್ನು ಹರ್ಟ್ಸ್‌ನಲ್ಲಿ ಅಳೆದು, ಆ ಎಂಜಿನ್ನಿನ ಮ್ಯಾನ್ಯುಯಲ್ ಹೇಳಿದ ಸಂಖ್ಯೆಗೆ ತರುವುದೇ ಸರಿಯಾದ ಕ್ರಮ.

ಇನ್ನು ವಾಲ್ವ್ ಕೆಲಸ. ಡುಕಾಟಿಯ ಡೆಸ್ಮೋ ವ್ಯವಸ್ಥೆಯಲ್ಲಿ ವಾಲ್ವನ್ನು ಮುಚ್ಚುವುದು ಸ್ಪ್ರಿಂಗ್ ಅಲ್ಲ, ಇನ್ನೊಂದು ರಾಕರ್ (ಕ್ಯಾಮ್ ಒತ್ತುವ ಸನ್ನೆ). ಹಾಗಾಗಿ ಎಂಟು ವಾಲ್ವಿನ ಎಂಜಿನ್ನಿನಲ್ಲಿ ಅಳೆಯಬೇಕಾದ ಸಂದು ಹದಿನಾರು: ತೆರೆಯುವ ಕಡೆ ಎಂಟು, ಮುಚ್ಚುವ ಕಡೆ ಎಂಟು. ಅಲ್ಲಿಗೆ ಸಂದು ಅಳೆಯುವ ಫೀಲರ್ ಗೇಜ್ ತಲುಪಿಸಲು ಟ್ಯಾಂಕ್, ಏರ್‌ಬಾಕ್ಸ್, ಬ್ಯಾಟರಿ ಟ್ರೇ ಬಿಚ್ಚಿ, ಎಷ್ಟೋ ಮಾದರಿಗಳಲ್ಲಿ ರೇಡಿಯೇಟರನ್ನೂ ಸರಿಸಬೇಕು. ಬಿಲ್ಲಿನಲ್ಲಿ ಸಂದು ಸರಿಪಡಿಸುವ ತೆಳು ಬಿಲ್ಲೆಯ, ಅಂದರೆ ಶಿಮ್ಮಿನ, ಬೆಲೆ ಪುಡಿಗಾಸು, ಉಳಿದದ್ದೆಲ್ಲ ಕೂಲಿ. ‘ಸದ್ದೇ ಇಲ್ಲ, ವಾಲ್ವ್ ಚೆನ್ನಾಗಿವೆ’ ಎಂಬ ಮಾತಿಗೆ ಮರುಳಾಗಬೇಡಿ. ವಾಲ್ವ್ ತನ್ನ ಸೀಟಿನೊಳಗೆ ಸವೆದು ಇಳಿದಂತೆ ತೆರೆಯುವ ಕಡೆಯ ಸಂದು ಕಿರಿದಾಗುತ್ತದೆ, ಆ ಸದ್ದೂ ಅಡಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ. ಇದು ಡೆಸ್ಮೋಗೆ ಮಾತ್ರವಲ್ಲ, ಸ್ಪ್ರಿಂಗ್ ಇರುವ ಎಂಜಿನ್ನಿಗೂ ಅನ್ವಯಿಸುತ್ತದೆ. ಟಕಟಕ ಅನ್ನುವ ವಾಲ್ವಿಗಿಂತ ತೆಪ್ಪಗಿರುವ ವಾಲ್ವೇ ಹೆಚ್ಚು ದುಬಾರಿ.

‘ಎಲ್ಲ ಸರ್ವಿಸ್ ಆಗಿದೆ’ ಅಂದರೆ ಬಿಲ್ ಕೇಳಿ. ಬರೀ ಆಯಿಲ್, ಫಿಲ್ಟರ್ ಇದ್ದರೆ ಅದು ಆಯಿಲ್ ಸರ್ವಿಸ್, ಅಷ್ಟೇ. ವಾಲ್ವ್ ಕೆಲಸ ನಿಜವಾಗಿ ಆಗಿದ್ದರೆ ಆ ಹದಿನಾರು ಅಳತೆಗಳ ಚೀಟಿ ಎಲ್ಲೋ ಇರುತ್ತದೆ. ಮೀಟರಿನಲ್ಲಿ ಸರ್ವಿಸ್ ದೀಪ ಉರಿಯುತ್ತಿಲ್ಲ ಎಂಬುದಕ್ಕೆ ಯಾವ ಬೆಲೆಯೂ ಇಲ್ಲ. ಬಿಎಂಡಬ್ಲ್ಯುಗೆ ಜಿಎಸ್-911, ಟ್ರಯಂಫ್ ಮತ್ತು ಕೆಟಿಎಂಗೆ ಟ್ಯೂನ್‌ಇಸಿಯು, ಹೀಗೆ ಬೈಕಿನ ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಸಾಧನಗಳಿವೆ. ಒಂದು ನಟ್ಟನ್ನೂ ಮುಟ್ಟದೆ ದೀಪ ಆರಿಸಬಹುದು. (ಅಂದಹಾಗೆ, ಕೊಂಡ ಮೇಲೆ ಇದೇ ಸಾಧನ ನಿಮಗೂ ಬೇಕಾಗುತ್ತದೆ. ಅದಿಲ್ಲದೆ ಫಾಲ್ಟ್ ಕೋಡ್ ಓದಲು ಪ್ರತಿ ಸಲ ಡೀಲರ್ ಬಾಗಿಲಿಗೇ ಹೋಗಬೇಕು.)

ಬೆಲ್ಟ್ ಇಲ್ಲದ ಬ್ರ್ಯಾಂಡ್ ತೆಗೆದುಕೊಂಡರೆ ಬಚಾವ್ ಅಂತಲೂ ಇಲ್ಲ. ಶಾಫ್ಟ್ ಡ್ರೈವ್ (ಚೈನಿನ ಬದಲು ದಂಡದಿಂದ ಹಿಂಚಕ್ರ ತಿರುಗಿಸುವ ವ್ಯವಸ್ಥೆ) ಅಂದರೆ ಚೈನಿನ ಗೋಳಿಲ್ಲ ಎಂದು ಖುಷಿಪಡುವವರು ಹಿಂಚಕ್ರದ ಬಳಿಯ ಗೇರ್ ಡಬ್ಬಿಯಲ್ಲೂ, ಅಂದರೆ ಫೈನಲ್ ಡ್ರೈವಿನಲ್ಲೂ, ಎಣ್ಣೆ ಇದೆ, ಅದಕ್ಕೂ ಗಡುವಿದೆ ಎಂಬುದನ್ನು ಮರೆಯುತ್ತಾರೆ. ಶಾಫ್ಟಿನ ರಬ್ಬರ್ ಬೂಟು ಹರಿದರೆ ನೀರು ಒಳಗಿಳಿದು ಜಾಯಿಂಟ್ ತುಕ್ಕು ಹಿಡಿಯುತ್ತದೆ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಕಟಕಟ ಆಟ ಕೈಗೆ ಸಿಕ್ಕರೆ ಬೆಲೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ, ಹೊರಡಿ.

ಜನ ತೀರಾ ಹಗುರವಾಗಿ ನೋಡುವುದು ಕ್ಲಚ್ ದ್ರವವನ್ನು. ಹೈಡ್ರಾಲಿಕ್ ಕ್ಲಚ್ ಇರುವ ಎಲ್ಲ ಬೈಕಿಗೂ ಡಾಟ್ 4 ಎಂಬ ಬ್ರೇಕ್ ದ್ರವ ಹಾಕುವಂತಿಲ್ಲ. ಮಗುರಾ ಕ್ಲಚ್ ಇರುವ ಹಲವು ಕೆಟಿಎಂಗಳಿಗೆ ಬೇಕಾದದ್ದು ಮಿನರಲ್ ಆಯಿಲ್. ಗೊತ್ತಿಲ್ಲದ ಮೆಕ್ಯಾನಿಕ್ ಡಾಟ್ 4 ತುಂಬಿದರೆ ಸೀಲುಗಳು ಕೆಡುತ್ತವೆ. ಕೆಲವು ವಾರಗಳ ನಂತರ ಕ್ಲಚ್ ಲಿವರ್ ಹ್ಯಾಂಡಲ್‌ಬಾರಿಗೆ ಅಂಟಿ ಕೂರುತ್ತದೆ, ಗೇರ್ ಬೀಳುವುದಿಲ್ಲ. ಯಾವ ದ್ರವ ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಓದಲು ಹತ್ತು ಸೆಕೆಂಡ್ ಸಾಕು.

ಚಾರ್ಜಿಂಗ್ ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರ್ ಇದ್ದರಾಯಿತು. ಎಂಜಿನ್ ಬಂದ್ ಇರುವಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, 4,000-5,000 ಆರ್‌ಪಿಎಂನಲ್ಲಿ 13.8ರಿಂದ 14.5. ಅದಕ್ಕಿಂತ ಕೆಳಗಿದ್ದರೆ ಸ್ಟೇಟರ್ (ವಿದ್ಯುತ್ ಹುಟ್ಟಿಸುವ ಸುರುಳಿ) ಅಥವಾ ಆ ವಿದ್ಯುತ್ತನ್ನು ಬ್ಯಾಟರಿಗೆ ಹದಗೊಳಿಸುವ ರೆಗ್ಯುಲೇಟರ್ ರೆಕ್ಟಿಫೈಯರ್ ಕೈಕೊಡುತ್ತಿದೆ; 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಸ್ಟೇಟರಿನಿಂದ ಬರುವ ಮೂರು ತಂತಿಯ ಕನೆಕ್ಟರ್ ಬಿಚ್ಚಿ ನೋಡಿ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಬಿಸಿಯೇರುತ್ತಿದೆ ಎಂದರ್ಥ. ಮೂರರಲ್ಲಿ ಯಾವ ತಂತಿಗೂ ಬಾಡಿಗೂ ನಡುವೆ ಕಂಟಿನ್ಯುಟಿ ಇರಬಾರದು.

ಕೀ ವಿಷಯ ಸಣ್ಣದು ಅನಿಸುತ್ತದೆ, ಬಿಲ್ ಮಾತ್ರ ಸಣ್ಣದಲ್ಲ. ಇಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ಇರುವ ಬೈಕಿಗೆ ಎರಡು ಕೀಗಳೂ ಬೇಕು. ಹಳೆಯ ಕೆಟಿಎಂಗಳಲ್ಲಿ ಎರಡು ಕಪ್ಪು ಕೀಗಳ ಜೊತೆ ಪ್ರೋಗ್ರಾಮಿಂಗಿಗೆಂದೇ ಒಂದು ಕಿತ್ತಳೆ ಕೀ ಬರುತ್ತಿತ್ತು, ಡುಕಾಟಿಯಲ್ಲಿ ಕೋಡ್ ಕಾರ್ಡ್. ಅವು ಕಳೆದು, ಉಳಿದ ಕೀಯೂ ಕಳೆದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಮೀಟರ್, ಲಾಕ್ ಸೆಟ್‌ವರೆಗೆ ಕೈ ಹಾಕಬೇಕಾಗಬಹುದು. ‘ಇನ್ನೊಂದು ಕೀ ಮನೇಲಿದೆ, ಆಮೇಲೆ ಕೊಡ್ತೀನಿ’ ಅಂದರೆ ಹಣವನ್ನೂ ಆಮೇಲೆ ಕೊಡಿ.

ಎಥನಾಲ್ ಬೆರೆಸಿದ ಪೆಟ್ರೋಲ್ ತುಂಬಿಟ್ಟರೆ ನೈಲಾನ್ ಟ್ಯಾಂಕ್ ಊದಿಕೊಳ್ಳುತ್ತದೆ. ಟ್ಯಾಂಕ್ ಎತ್ತಿ ಮತ್ತೆ ಕೂರಿಸಲು ಹೇಳಿ. ಮುಂದಿನ ಮೌಂಟಿಗೆ ಬೋಲ್ಟ್ ನೇರವಾಗಿ ಇಳಿಯಬೇಕು. ಟ್ಯಾಂಕಿನಡಿಯ ಪ್ಲಾಸ್ಟಿಕ್ ಫ್ಯೂಯಲ್ ಕಪ್ಲಿಂಗ್ ಸೀಳಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಲೋಹದ್ದನ್ನು ಹಾಕಿಸಿಬಿಡಿ. ಟೈರಿನ ತಾರೀಖು, ಸ್ಟೀರಿಂಗ್ ಸ್ಟಾಪಿನ ಜಜ್ಜು, ಫೋರ್ಕ್ ಸೀಲಿನ ಎಣ್ಣೆ, ಇವನ್ನೆಲ್ಲ ಯಾವ ಬೈಕಿಗಾದರೂ ನೋಡುವಂತೆಯೇ ನೋಡಿ.

ಇಷ್ಟೆಲ್ಲ ಇದ್ದೂ ಜನ ಇವನ್ನೇ ಯಾಕೆ ಕೊಳ್ಳುತ್ತಾರೆ? ಎರಡು ಬೆರಳಲ್ಲಿ ಹಿಡಿದರೆ ಸಾಕೆನಿಸುವ ಬ್ರೇಕ್, ತಿರುವಿನಲ್ಲಿ ಬಾಗಿದ್ದಾಗಲೂ ಚಕ್ರ ಲಾಕ್ ಆಗಲು ಬಿಡದ ಎಬಿಎಸ್, ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಎಂಜಿನ್, ದಿನಕ್ಕೆ 600 ಕಿ.ಮೀ. ಓಡಿಸಿದರೂ ಬೆನ್ನು ಹಿಡಿಯದ ಸಸ್ಪೆನ್ಷನ್. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಕಂಪನಿಗಳೂ ಪಾಠ ಕಲಿತಿವೆ. ಮಲ್ಟಿಸ್ಟ್ರಾಡಾ ವಿ4ರಲ್ಲಿ ಡುಕಾಟಿ ಡೆಸ್ಮೋ ಬಿಟ್ಟು ಸ್ಪ್ರಿಂಗಿಗೆ ಬಂತು, ವಾಲ್ವ್ ತಪಾಸಣೆ 60,000 ಕಿ.ಮೀ.ಗೆ ಹೋಯಿತು. ಬಿಸಿ ತಡೆಯಲು ನಿಂತಾಗ ಹಿಂದಿನ ಎರಡು ಸಿಲಿಂಡರ್ ತಾವಾಗಿ ನಿಲ್ಲುತ್ತವೆ. ಆದರೆ ದಿನವೂ ನಗರದ ಟ್ರಾಫಿಕ್ಕಿನಲ್ಲಿ ಓಡಿಸಲು ಇರುವುದು ಒಂದೇ ಬೈಕ್ ಅಂತಾದರೆ ನಮ್ಮ ಉತ್ತರ ಬೇಡ ಎಂದೇ. ಒಂದು ಸೆನ್ಸರಿಗಾಗಿ ವಾರಗಟ್ಟಲೆ ಕಾಯುವುದು ಇಲ್ಲಿ ವಿಶೇಷವೇನಲ್ಲ, ಅಷ್ಟು ದಿನ ಓಡಾಡಲು ಇನ್ನೊಂದು ಗಾಡಿ ಮನೆಯಲ್ಲಿರಬೇಕು. ಬೈಕಿನ ಬೆಲೆಯ ಜೊತೆ ಮುಂದಿನ ದೊಡ್ಡ ಸರ್ವಿಸಿನ ಲಿಖಿತ ಎಸ್ಟಿಮೇಟ್ ಕೂಡಿಸಿ, ಬಂದ ಮೊತ್ತ ಒಟ್ಟಿಗೆ ಕೈಯಲ್ಲಿದ್ದರೆ ಮಾತ್ರ ಮುಂದುವರಿಯಿರಿ. ಲೋನಿನ ಕಂತು ಕಟ್ಟುತ್ತಾ ಸರ್ವಿಸಿಗೆ ಕೂಡಿಹಾಕುತ್ತೇನೆ ಅನ್ನುವವರೇ ಬೆಲ್ಟನ್ನು ಇನ್ನೊಂದು ವರ್ಷ ಮುಂದೂಡುವವರು.

ನೋಡಲು ಹೋದ ದಿನ, ಕೀ ತಿರುಗಿಸುವ ಮೊದಲು ಎಂಜಿನ್ ಕೇಸಿಂಗ್ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಸ್ಟಾರ್ಟಿಂಗ್ ತೊಂದರೆ, ಬ್ಯಾಟರಿಯ ಸುಸ್ತು, ಮೊದಲ ಹೊಗೆ, ಮೊದಲ ಕಟಕಟ ಎಲ್ಲ ಕಾಣುವುದು ತಣ್ಣಗಿದ್ದಾಗಲೇ. ‘ನೀವು ಬರ್ತೀರಂತ ಸ್ವಲ್ಪ ಬಿಸಿ ಮಾಡಿಟ್ಟಿದ್ದೆ’ ಅಂದರೆ ನಗುತ್ತಲೇ ನಾಳೆ ಬೆಳಿಗ್ಗೆ ಬರುತ್ತೇವೆ ಅಂತ ಹೇಳಿ ಎದ್ದು ಬನ್ನಿ.